ನಾಲ್ಕು ಭಾಷೆಗಳ ಜಾಲತಾಣಕ್ಕೆ ಯಾವ ಅನುವಾದ ಪ್ಲಗಿನ್ ಸೂಕ್ತ?

ಹೊಂಗೆನೆರಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಚಾಮರಾಜಪೇಟೆಯಲ್ಲಿ ಉಚಿತ ಚಿಕಿತ್ಸಾಲಯ ನಡೆಸುತ್ತಿರುವ ಒಂದು ಚಿಕ್ಕ ಟ್ರಸ್ಟ್‌ನ ಜಾಲತಾಣವನ್ನು ನಾನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತೇನೆ. ತಾಣ ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿದೆ, ಸುಮಾರು 40 ಪುಟಗಳಿದ್ದು ಎಲ್ಲವೂ ಇಂಗ್ಲಿಷ್‌ನಲ್ಲಿವೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕನ್ನಡ, ತಮಿಳು ಅಥವಾ ಉರ್ದು ಓದುವವರಾದ್ದರಿಂದ ಈ ಮೂರು ಭಾಷೆಗಳನ್ನೂ ಸೇರಿಸಬೇಕೆಂದು ಟ್ರಸ್ಟಿಗಳು ತೀರ್ಮಾನಿಸಿದ್ದಾರೆ.

ಮೊದಲ ಪ್ರಯತ್ನವಾಗಿ, ಇಡೀ ಪುಟವನ್ನು ಯಂತ್ರದಿಂದ ಅನುವಾದಿಸುವ ಒಂದು ಉಚಿತ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಜೋಡಿಸುವ ಪುಟ್ಟ ತಂತ್ರಾಂಶ) ಹಾಕಿ ನೋಡಿದೆ. ವೈದ್ಯರನ್ನು ಕಾಣಲು ಸಮಯ ಕಾಯ್ದಿರಿಸುವ ಗುಂಡಿಯ ಮೇಲೆ 'ಪುಸ್ತಕ ನೇಮಕಾತಿ' ಎಂದು ಬಂತು. ಚಿಕಿತ್ಸಾಲಯಕ್ಕೆ ಕೆಲಸದವರನ್ನು ತೆಗೆದುಕೊಳ್ಳುತ್ತಿದ್ದೀರಾ ಎಂದು ಒಬ್ಬರು ದೂರವಾಣಿಯಲ್ಲಿ ವಿಚಾರಿಸಿದ ಮೇಲೆ ಅದನ್ನು ತೆಗೆದುಹಾಕಿದೆ. ಈಗ ಪಾಲಿಲ್ಯಾಂಗ್, ಡಬ್ಲ್ಯುಪಿಎಂಎಲ್, ಟ್ರಾನ್ಸ್‌ಲೇಟ್‌ಪ್ರೆಸ್ ಮತ್ತು ವೀಗ್ಲಾಟ್ ಎಂಬ ನಾಲ್ಕು ಹೆಸರುಗಳು ನನ್ನ ಮುಂದಿವೆ. ಹಣ ಹೆಚ್ಚಿಲ್ಲ; ಆದರೆ ಕನ್ನಡ, ತಮಿಳು ಮತ್ತು ಉರ್ದು ಚೆನ್ನಾಗಿ ಬಲ್ಲ ಸ್ವಯಂಸೇವಕರು ತಲಾ ಒಬ್ಬರಿದ್ದಾರೆ. ಯಾವುದನ್ನು ಆರಿಸಬಹುದು?

ಕೀಲಿಮಣೆ:

ನಮಸ್ಕಾರ. ಪ್ಲಗಿನ್‌ಗಳ ಹೆಸರುಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅನುವಾದವಾದ ಮಾತು ಎಲ್ಲಿ ಉಳಿಯುತ್ತದೆ ಮತ್ತು ಅದನ್ನು ತಿದ್ದುವ ಕೈ ಯಾರದು ಎಂಬುದನ್ನು ಮೊದಲು ನೋಡಿರೆಂದು ನನ್ನ ಸಲಹೆ. ನೀವು ಹೇಳಿದ ನಾಲ್ಕೂ ಒಂದೇ ಜಾತಿಯವಲ್ಲ.

ಪಾಲಿಲ್ಯಾಂಗ್ ಮತ್ತು ಡಬ್ಲ್ಯುಪಿಎಂಎಲ್‌ಗಳಲ್ಲಿ ಪ್ರತಿಯೊಂದು ಭಾಷೆಯ ಪುಟವೂ ವರ್ಡ್‌ಪ್ರೆಸ್‌ನ ಪ್ರತ್ಯೇಕ ಪುಟವೇ ಆಗಿರುತ್ತದೆ. ಇದು ಅದರ ಕನ್ನಡ ರೂಪ, ಅದು ಇದರ ತಮಿಳು ರೂಪ ಎಂಬ ನಂಟನ್ನಷ್ಟೇ ಪ್ಲಗಿನ್ ಕಾಪಾಡುತ್ತದೆ. ನಾಳೆ ಅದನ್ನು ತೆಗೆದರೂ ನಂಟು ಕಳಚೀತೇ ಹೊರತು ಬರೆದ ಪುಟ ಎಲ್ಲಿಯೂ ಹೋಗುವುದಿಲ್ಲ. ಟ್ರಾನ್ಸ್‌ಲೇಟ್‌ಪ್ರೆಸ್ ಹೀಗಲ್ಲ. ಅಲ್ಲಿ ಪುಟ ಒಂದೇ ಇರುತ್ತದೆ; ಅದರ ಒಂದೊಂದು ವಾಕ್ಯಕ್ಕೂ ಸಮನಾದ ಅನುವಾದ ನಿಮ್ಮದೇ ಡೇಟಾಬೇಸ್‌ನ ಬೇರೊಂದು ಕೋಷ್ಟಕದಲ್ಲಿ ಕೂರುತ್ತದೆ. ಪುಟವನ್ನು ಕಣ್ಣೆದುರಿಗೆ ಇಟ್ಟುಕೊಂಡು ವಾಕ್ಯವಾಕ್ಯವಾಗಿ ತಿದ್ದಬಹುದಾದ್ದರಿಂದ ಹೊಸಬರಿಗೆ ಅದು ಬಹಳ ಹಿತವಾಗಿರುತ್ತದೆ. ಆದರೆ ಮೂಲ ಇಂಗ್ಲಿಷ್ ವಾಕ್ಯವನ್ನು ಬದಲಿಸಿದಾಗ ಅದು ಹೊಸ ವಾಕ್ಯವೆಂದೇ ಎಣಿಕೆಯಾಗುತ್ತದೆ. ಮತ್ತೆ ಅನುವಾದಿಸುವವರೆಗೆ ಕನ್ನಡ ಪುಟದ ನಡುವೆ ಆ ಸಾಲು ಇಂಗ್ಲಿಷ್‌ನಲ್ಲೇ ಕಾಣಿಸುತ್ತದೆ. ಅದರ ಉಚಿತ ಆವೃತ್ತಿ ಮೂಲ ಭಾಷೆಯ ಜೊತೆಗೆ ಒಂದೇ ಒಂದು ಭಾಷೆಗೆ ಅವಕಾಶ ಕೊಡುವುದರಿಂದ ನಿಮಗಂತೂ ಹಣ ಕೊಡದೆ ವಿಧಿಯಿಲ್ಲ. ವೀಗ್ಲಾಟ್‌ನಲ್ಲಿ ಅನುವಾದಗಳು ಆ ಸಂಸ್ಥೆಯ ಸರ್ವರ್‌ನಲ್ಲಿರುತ್ತವೆ. ಅಲ್ಲಿ ತಿದ್ದುವುದಕ್ಕೂ ಅನುಕೂಲವಿದೆ, ಆದರೆ ಚಂದಾ ನಿಲ್ಲಿಸಿದ ದಿನ ಅನುವಾದಿತ ಪುಟಗಳೂ ತಾಣದಿಂದ ಮರೆಯಾಗುತ್ತವೆ. ದೇಣಿಗೆಯ ಮೇಲೆ ನಡೆಯುವ ಟ್ರಸ್ಟ್‌ಗೆ ಇದು ಬಾಡಿಗೆ ಮನೆಯಲ್ಲಿ ಗೋಡೆ ಕಟ್ಟಿಸಿದಂತೆ.

ಈ ಮಾತನ್ನು ಪೆಟ್ಟು ತಿಂದವನಾಗಿ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನು ಬಳಸುತ್ತಿದ್ದ ಒಂದು ಪ್ಲಗಿನ್, ಎಲ್ಲ ಭಾಷೆಗಳ ಪಠ್ಯವನ್ನೂ ಒಂದೇ ಪುಟದೊಳಗೆ ಗುರುತು ಹಾಕಿ ತುರುಕಿಡುತ್ತಿತ್ತು. ಅದರ ಅಭಿವೃದ್ಧಿ ನಿಂತು, ವರ್ಡ್‌ಪ್ರೆಸ್‌ಗೆ ಆಧಾರವಾದ ಪಿಎಚ್‌ಪಿ ಭಾಷೆಯ ಹೊಸ ಆವೃತ್ತಿಯಲ್ಲಿ ಅದು ಕೆಲಸ ಮಾಡದಾದಾಗ, ಕನ್ನಡವೂ ಇಂಗ್ಲಿಷೂ ಆವರಣ ಚಿಹ್ನೆಗಳ ಸಮೇತ ಒಂದರ ಹಿಂದೊಂದು ಸುರಿದುಬಿದ್ದವು. ಅವನ್ನು ಬಿಡಿಸಿ ಬೇರೆ ಮಾಡಲು ನನಗೆ ಮೂರು ಭಾನುವಾರಗಳು ಬೇಕಾದವು.

ನಿಮ್ಮಲ್ಲಿ ಭಾಷೆ ಬಲ್ಲವರಿದ್ದಾರೆ, ಹಣವಿಲ್ಲ. ಹಾಗಾಗಿ ಪಾಲಿಲ್ಯಾಂಗ್‌ನ ಉಚಿತ ಆವೃತ್ತಿಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಭಾಷೆಗಳ ಸಂಖ್ಯೆಗೆ ಅಲ್ಲಿ ಮಿತಿಯಿಲ್ಲ, ಯಾವ ಪುಟ ಯಾವ ಭಾಷೆಯದೆಂದು ಹುಡುಕಾಟ ಯಂತ್ರಗಳಿಗೆ ತಿಳಿಸುವ ಎಚ್‌ರೆಫ್‌ಲ್ಯಾಂಗ್ ಗುರುತುಗಳನ್ನೂ ಅದೇ ಹಾಕುತ್ತದೆ. ಡಬ್ಲ್ಯುಪಿಎಂಎಲ್ ಇನ್ನಷ್ಟು ಸಮರ್ಥವಾದದ್ದು ನಿಜ. ಅಂಗಡಿ, ಜಟಿಲವಾದ ಫಾರಂಗಳು, ಅನುವಾದಕರ ತಂಡ ಇವೆಲ್ಲ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದಕ್ಕೆ ಉಚಿತ ಆವೃತ್ತಿಯಿಲ್ಲ.

ಇನ್ನೊಂದು ಮಾತು: 40 ಪುಟಗಳನ್ನು ಮೂರು ಭಾಷೆಗಳಿಗೆ ತಂದರೆ 120 ಹೊಸ ಪುಟಗಳಾಗುತ್ತವೆ. ವಾರ್ಷಿಕ ವರದಿಯನ್ನು ಉರ್ದುವಿನಲ್ಲಿ ಓದಲು ಯಾರೂ ಬರುವುದಿಲ್ಲ. ಚಿಕಿತ್ಸಾಲಯದ ವೇಳೆ, ದಾರಿ, ವೈದ್ಯರು ಸಿಗುವ ದಿನಗಳು, ಪರೀಕ್ಷೆಗೆ ಮೊದಲು ಏನು ಮಾಡಬೇಕು ಎಂಬಂತಹ ಎಂಟೋ ಹತ್ತೋ ಪುಟಗಳಿಂದ ಆರಂಭಿಸಿ.

ತುಂಗಾತೀರ:

ಕೀಲಿಮಣೆಯವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಯಂತ್ರಾನುವಾದವನ್ನು ಪೂರ್ತಿ ದೂರವಿಡುವ ಅಗತ್ಯ ನನಗೆ ಕಾಣುವುದಿಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ. 2017ರಲ್ಲಿ, ಇಡೀ ವಾಕ್ಯವನ್ನು ಒಟ್ಟಿಗೆ ನೋಡುವ ನ್ಯೂರಲ್ ವಿಧಾನಕ್ಕೆ ಬದಲಾದ ಮೇಲೆ ಪೂರ್ಣ ವಾಕ್ಯಗಳ ಅನುವಾದ ಎಷ್ಟೋ ಸುಧಾರಿಸಿದೆ. ಅದು ಇಂದಿಗೂ ಎಡವುವುದು ನಿಮ್ಮ ಗುಂಡಿಯಂತಹ ಒಂದೆರಡು ಪದಗಳ ತುಣುಕುಗಳಲ್ಲಿ, ಏಕೆಂದರೆ ಅಲ್ಲಿ ಸಂದರ್ಭವೇ ಇರುವುದಿಲ್ಲ. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ 2023ರಲ್ಲಿ ಹೊರತಂದ ಇಂಡಿಕ್‌ಟ್ರಾನ್ಸ್2 ಮಾದರಿ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಒಳಗೊಂಡಿದೆ; ನಿಮ್ಮ ಮೂರೂ ಅದರಲ್ಲಿವೆ.

ಖರ್ಚಿನ ಲೆಕ್ಕವನ್ನೂ ನೋಡೋಣ. ಗೂಗಲ್ ಕ್ಲೌಡ್‌ನ ಅನುವಾದ ಸೇವೆಯಲ್ಲಿ ತಿಂಗಳಿಗೆ ಮೊದಲ 5 ಲಕ್ಷ ಅಕ್ಷರಗಳು ಉಚಿತ, ಆನಂತರ ಪ್ರತಿ 10 ಲಕ್ಷಕ್ಕೆ 20 ಡಾಲರ್. ಒಂದು ಪುಟಕ್ಕೆ 3,000 ಅಕ್ಷರ ಎಂದು ಹಿಡಿದರೂ 40 ಪುಟಗಳಿಗೆ 1,20,000, ಮೂರು ಭಾಷೆಗಳಿಗೆ 3,60,000. ಅಂದರೆ ಇಡೀ ತಾಣದ ಕರಡು ಅನುವಾದ ಒಂದೇ ತಿಂಗಳ ಉಚಿತ ಮಿತಿಯೊಳಗೆ ಮುಗಿಯುತ್ತದೆ. ಆ ಕರಡನ್ನು ಪಾಲಿಲ್ಯಾಂಗ್ ಪುಟಗಳಿಗೆ ಅಂಟಿಸಿ, ಪ್ರಕಟಿಸದೆ ಇಟ್ಟು, ನಿಮ್ಮ ಸ್ವಯಂಸೇವಕರಿಂದ ತಿದ್ದಿಸಿ. ತಿದ್ದದೆ ಪ್ರಕಟಿಸಬೇಡಿ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. 'ಉಪವಾಸ ರಕ್ತ ಪರೀಕ್ಷೆ' ಎಂದು ಬಂದಿದ್ದರೆ ಅದನ್ನು ಓದಿದವರು ಏಕಾದಶಿಯ ಲೆಕ್ಕದಲ್ಲಿ ಹಾಲು, ಹಣ್ಣು ಸೇವಿಸಿ ಬಂದಾರು. ನಮ್ಮ ಜನ ಹೇಳುವುದು 'ಖಾಲಿ ಹೊಟ್ಟೆಯ ಪರೀಕ್ಷೆ' ಎಂದು.

ಹೊಂಗೆನೆರಳು:

ಇಬ್ಬರಿಗೂ ಧನ್ಯವಾದಗಳು. ಪಾಲಿಲ್ಯಾಂಗ್ ಹಾಕಿ ಪ್ರಯೋಗ ತಾಣದಲ್ಲಿ ಎರಡು ಪುಟಗಳನ್ನು ಮಾಡಿದ್ದೇನೆ. ಎರಡು ತೊಡಕುಗಳು ಎದುರಾಗಿವೆ. ಕನ್ನಡ ಪುಟದ ವಿಳಾಸವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಕಾಣಿಸುತ್ತದೆ, ಅದೂ ಶೀರ್ಷಿಕೆಯ ಕೊನೆಯ ಪದವಿಲ್ಲದೆ. ಎರಡನೆಯದಾಗಿ, ಗುಂಡಿಗಳ ಮೇಲಿನ ಕನ್ನಡದಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗಿದೆ. ಇದು ಪ್ಲಗಿನ್‌ನ ದೋಷವೇ?

ಅಚ್ಚುಮೊಳೆ:

ಎರಡೂ ಪ್ಲಗಿನ್‌ನ ದೋಷವಲ್ಲ. ಕನ್ನಡ ಶೀರ್ಷಿಕೆಯಿಂದಲೇ ವಿಳಾಸ ಮಾಡುವ ಯಾವ ಪ್ಲಗಿನ್ ಹಾಕಿದ್ದರೂ ಇವು ಬರುತ್ತಿದ್ದವು.

ಗಣಕಗಳು ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ವಿಳಾಸದೊಳಗೆ ಒಂದು ಬೈಟನ್ನು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬರೆಯುವುದರಿಂದ ಮೂರು ಒಂಬತ್ತಾಗುತ್ತದೆ. ವರ್ಡ್‌ಪ್ರೆಸ್ ಪುಟದ ವಿಳಾಸಕ್ಕೆ ಕೊಟ್ಟಿರುವ ಮಿತಿ ಇಂತಹ 200 ಅಕ್ಷರ. 'ಉಚಿತ ಕಣ್ಣಿನ ತಪಾಸಣಾ ಶಿಬಿರ' ಎಂಬುದನ್ನೇ ತೆಗೆದುಕೊಳ್ಳಿ: ಗುಣಿತ ಚಿಹ್ನೆ, ಹಲಂತ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿದರೆ 21 ಸಂಕೇತಗಳು, ನಡುವೆ ಮೂರು ಅಡ್ಡಗೆರೆಗಳು, ಒಟ್ಟು 192. ಅದರ ಮುಂದೆ 'ಚಾಮರಾಜಪೇಟೆ' ಎಂದು ಸೇರಿಸಿದರೆ ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಪುಟದ ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸವನ್ನು ಮಾತ್ರ ರೋಮನ್ ಲಿಪಿಯಲ್ಲಿ ಚಿಕ್ಕದಾಗಿ ನೀವೇ ಬರೆಯಿರಿ. ಕನ್ನಡಾಭಿಮಾನಕ್ಕೆ ಇದರಿಂದ ಕುಂದು ಬರುವುದಿಲ್ಲ. ಕರಪತ್ರದಲ್ಲಿ ಅಚ್ಚು ಹಾಕಿಸುವಾಗ ಇದರ ಸುಖ ತಿಳಿಯುತ್ತದೆ.

ಒತ್ತಕ್ಷರ ಕತ್ತರಿಸಿರುವುದು ಥೀಮ್‌ನಿಂದ, ಅಂದರೆ ತಾಣದ ರೂಪವಿನ್ಯಾಸದಿಂದ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಗುಂಡಿಯ ಎತ್ತರವನ್ನು ಬಿಗಿದಿರುತ್ತಾರೆ. ಗೆರೆಯ ಕೆಳಗೆ ಒತ್ತು ಕೂರುವ ಲಿಪಿಗೆ ಅದು ಸಾಲದು. ಕನ್ನಡ ಪುಟಗಳಿಗೆ ಮಾತ್ರ ಅನ್ವಯಿಸುವಂತೆ ಸಾಲಿನ ಎತ್ತರವನ್ನು 1.6ರಿಂದ 1.8ರವರೆಗೆ ಹೆಚ್ಚಿಸಿ, ನೋಟೋ ಸಾನ್ಸ್ ಕನ್ನಡದಂತಹ ಅಕ್ಷರವಿನ್ಯಾಸವನ್ನು ಕೊಡಿ. ಅಕ್ಷರಗಳ ನಡುವೆ ಅಂತರ ಹಾಕುವ ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ಸಂಕೇತ) ಸಾಲು ಇದ್ದರೆ ಅದನ್ನೂ ತೆಗೆಯಿರಿ, ಕನ್ನಡದ ಓದಿಗೆ ಅದು ತೊಡಕೇ ಹೊರತು ಅಂದವಲ್ಲ. ಉರ್ದು ಬಲದಿಂದ ಎಡಕ್ಕೆ ಹರಿಯುವುದರಿಂದ ಮೆನು, ಬಾಣದ ಗುರುತು, ಫಾರಂ ಎಲ್ಲವೂ ತಿರುಗಬೇಕಾಗುತ್ತದೆ. ನಿಮ್ಮ ಥೀಮ್‌ನ ಕಡತಗಳಲ್ಲಿ ಬಲ-ಎಡ ಬರವಣಿಗೆಗೆಂದೇ ಪ್ರತ್ಯೇಕ ಸಿಎಸ್‌ಎಸ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲವಾದರೆ ಪ್ಲಗಿನ್‌ಗಿಂತ ಮೊದಲು ಥೀಮ್ ಬದಲಿಸುವುದು ಮೇಲು.

ನೀವು ಕೇಳದಿದ್ದರೂ ಒಂದು ಎಚ್ಚರಿಕೆ. ಬ್ರೌಸರ್‌ನ ಭಾಷೆ ನೋಡಿ ಓದುಗರನ್ನು ತಾನಾಗಿಯೇ ಆ ಭಾಷೆಯ ಪುಟಕ್ಕೆ ಕಳಿಸುವ ಆಯ್ಕೆಯನ್ನು ಹಾಕಬೇಡಿ. ನಮ್ಮ ಊರಿನಲ್ಲಿ ಮನೆಯಲ್ಲಿ ಕನ್ನಡವನ್ನೋ ತಮಿಳನ್ನೋ ಓದುವವರ ಮೊಬೈಲ್ ಕೂಡ ಅಂಗಡಿಯಿಂದ ಬಂದಾಗಿನ ಇಂಗ್ಲಿಷ್‌ನಲ್ಲೇ ಇರುತ್ತದೆ, ಹಾಗಾಗಿ ಎಲ್ಲರೂ ಇಂಗ್ಲಿಷ್ ಪುಟಕ್ಕೇ ಹೋಗಿ ಬೀಳುತ್ತಾರೆ. ಬದಲಿಗೆ ಪುಟದ ತಲೆಯಲ್ಲಿ ಪ್ರತಿ ಭಾಷೆಯ ಹೆಸರನ್ನೂ ಅದರದೇ ಲಿಪಿಯಲ್ಲಿ ಬರೆದಿಡಿ. ಧ್ವಜಗಳ ಚಿತ್ರ ಬೇಡ, ತಮಿಳಿಗೂ ಉರ್ದುವಿಗೂ ಬೇರೆ ಬೇರೆ ಧ್ವಜ ಎಲ್ಲಿಂದ ತರುತ್ತೀರಿ?

ಹೊಂಗೆನೆರಳು:

ಅಚ್ಚುಮೊಳೆಯವರೇ, ಸಾಲಿನ ಎತ್ತರ 1.7 ಮಾಡಿದ ಕೂಡಲೇ ಗುಂಡಿಗಳು ಸರಿಯಾದವು. ವಿಳಾಸಗಳನ್ನೂ ಬದಲಿಸಿದ್ದೇನೆ. ಗುಂಡಿಯ ಮೇಲೆ ಈಗ 'ವೈದ್ಯರ ಭೇಟಿಗೆ ಸಮಯ ಗೊತ್ತುಮಾಡಿ' ಎಂದಿದೆ. ಸ್ವಲ್ಪ ಉದ್ದವಾಯಿತು, ಆದರೆ ನಮ್ಮ ಸ್ವಯಂಸೇವಕಿಯವರು ಇದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಕೊನೆಯ ಪ್ರಶ್ನೆ: ತಾಣದ ಮುಖ್ಯ ಭಾಷೆಯನ್ನು ಕನ್ನಡವೆಂದು ಮಾಡಬೇಕೆಂದಿದ್ದೇವೆ. ಇರುವ ಪುಟಗಳೆಲ್ಲ ಇಂಗ್ಲಿಷ್ ಆಗಿರುವಾಗ ಇದು ಸಾಧ್ಯವೇ?

ಕೀಲಿಮಣೆ:

ಸಾಧ್ಯ, ಆದರೆ ಕ್ರಮ ತಪ್ಪಬಾರದು. ಮೊದಲು ಇಂಗ್ಲಿಷನ್ನೇ ಮುಖ್ಯ ಭಾಷೆಯಾಗಿ ಇಟ್ಟು, ಭಾಷೆ ಗೊತ್ತುಮಾಡದ ಪುಟಗಳನ್ನೆಲ್ಲ ಅದಕ್ಕೆ ಸೇರಿಸಿ. ಪಾಲಿಲ್ಯಾಂಗ್ ಆರಂಭದಲ್ಲೇ ಇದನ್ನು ಒಟ್ಟಿಗೆ ಮಾಡಿಕೊಡುತ್ತದೆ. ಕನ್ನಡದ ಆ ಎಂಟು ಹತ್ತು ಪುಟಗಳು ಸಿದ್ಧವಾದ ಮೇಲೆ ಕನ್ನಡವನ್ನು ಮುಖ್ಯ ಭಾಷೆಯಾಗಿಸಿ. ಮುಖ್ಯ ಭಾಷೆಯ ವಿಳಾಸದಲ್ಲಿ ಭಾಷೆಯ ಗುರುತನ್ನು ಮರೆಮಾಡುವ ಒಂದು ಆಯ್ಕೆಯಿದೆ. ಅದನ್ನು ಈಗಲೇ ತೆಗೆದುಬಿಡಿ. ಇಲ್ಲದಿದ್ದರೆ ಮುಖ್ಯ ಭಾಷೆ ಬದಲಿಸಿದ ದಿನ ಇಂಗ್ಲಿಷ್ ಪುಟಗಳ ವಿಳಾಸಗಳು ಇನ್ನೊಮ್ಮೆ ಬದಲಾಗುತ್ತವೆ. ಈಗಾಗಲೇ ಕರಪತ್ರಗಳಲ್ಲಿ ಅಚ್ಚಾಗಿರುವ ಹಳೆಯ ವಿಳಾಸಗಳಿಗೆ 301 ಮರುನಿರ್ದೇಶನ (ಅಲ್ಲಿಗೆ ಬಂದವರನ್ನು ಹೊಸ ವಿಳಾಸಕ್ಕೆ ಕಾಯಂ ಆಗಿ ಕಳಿಸುವ ಏರ್ಪಾಡು) ಕೊಡಲು ಮರೆಯಬೇಡಿ.