ಸ್ಟ್ರಾಂಗ್ ಡಾರ್ಕ್ ಬಿಯರ್: 8, 10, 12 ಪರ್ಸೆಂಟ್‌ನಲ್ಲಿ ಎಲ್ಲಿ ನಿಲ್ಲಿಸಬೇಕು? ಅನುಭವ ಹೇಳಿ

ಹೊಸ ಫರ್ಮೆಂಟರ್
ಇಂಪೀರಿಯಲ್ ಸ್ಟೌಟ್ ಮಾಡಬೇಕು ಅಂತಿದ್ದೇನೆ, 20 ಲೀಟರ್. ಮ್ಯಾಶ್ ಪಾತ್ರೆ (ಮಾಲ್ಟನ್ನು ಬಿಸಿನೀರಲ್ಲಿ ನೆನೆಸೋದು) 7 ಕೆಜಿ ಮಾಲ್ಟ್‌ಗಿಂತ ಹೆಚ್ಚು ಹಿಡಿಯಲ್ಲ. ಆರು ತಿಂಗಳಿಗೆ ಕುಡಿಯುವ ಹಾಗೆ ಆಗಿರಬೇಕು. ಆಲ್ಕೋಹಾಲ್ 8%ಗೆ ನಿಲ್ಲಿಸಲಾ, 10ಕ್ಕೆ ಹೋಗಲಾ, 12 ಮುಟ್ಟಲಾ? ಮಾಡಿದವರು ಹೇಳಿ.

ಕರಿಮಾಲ್ಟ್
12ರ ಆಸೆ ಬಿಟ್ಟುಬಿಡಿ. ನನ್ನ ಬ್ಯಾಚ್‌ನ ಲೆಕ್ಕ ಇಡ್ತೀನಿ, ನೀವೇ ನೋಡಿ. ಗುರಿ ಓಜಿ (ಹುದುಗುವ ಮೊದಲಿನ ಸಾಂದ್ರತೆ, ನೀರು ಅಂದರೆ 1.000) 1.115. ಎಫಿಶಿಯೆನ್ಸಿ, ಅಂದರೆ ಮಾಲ್ಟ್‌ನ ಸಕ್ಕರೆಯಲ್ಲಿ ಕೈಗೆ ಸಿಗೋ ಪಾಲು, 75% ಅಂತ ಹಿಡಿದರೆ 20 ಲೀಟರ್‌ಗೆ 10 ಕೆಜಿ ಮಾಲ್ಟ್ ಸಾಕು ಅಂತ ಕಾಗದ ಹೇಳುತ್ತೆ. ಆದರೆ ಮಾಲ್ಟ್ ಏರಿದ ಹಾಗೆ ಸ್ಪಾರ್ಜ್‌ಗೆ (ಕಾಳಿನ ಸಕ್ಕರೆ ತೊಳೆದು ಇಳಿಸೋಕೆ) ನೀರೇ ಉಳಿಯಲ್ಲ, ಸಕ್ಕರೆಯೆಲ್ಲ ಹೊಟ್ಟಿನಲ್ಲೇ ಕೂತಿರುತ್ತೆ. ಎಫಿಶಿಯೆನ್ಸಿ 58ಕ್ಕೆ ಬಿತ್ತು. ಆ 10 ಕೆಜಿಯಿಂದ 1.088 ಅಷ್ಟೇ ಬರೋದು. 1.115 ಬೇಕಂದ್ರೆ 13 ಕೆಜಿ. ಆ 13 ಕೆಜಿ ಕಾಳು ಹತ್ತಿರಹತ್ತಿರ 13 ಲೀಟರ್ ನೀರು ಹೀರಿಕೊಂಡು ವಾಪಸ್ ಕೊಡಲ್ಲ. ಸ್ಪಾರ್ಜ್ ಜಾಸ್ತಿ ಮಾಡಿದ್ದಕ್ಕೆ ಗಂಟೆಗೆ 4 ಲೀಟರ್‌ನಂತೆ ಮೂರು ಗಂಟೆ ಕುದಿಸಿ 12 ಲೀಟರ್ ಆವಿ ಮಾಡಬೇಕಾಯ್ತು.

ಇಷ್ಟೆಲ್ಲ ಆಗಿ 1.042ಕ್ಕೆ ಬಂದು ಫರ್ಮೆಂಟೇಶನ್ ನಿಂತೇಹೋಯ್ತು. ಓಜಿಯಿಂದ ಅದನ್ನು ಕಳೆದು 131.25ರಿಂದ ಗುಣಿಸಿ ನೋಡಿ: 9.6% ಆಲ್ಕೋಹಾಲ್. ಅಂದರೆ 12ರ ಖರ್ಚು, 9.6ರ ಬಿಯರ್, ಬಾಯಿಗೆ ಅಂಟೋ ಪಾಕ. ಷಾಂಪೇನ್ ಯೀಸ್ಟ್ ಇಸಿ-1118 ಹಾಕಿದರೂ ಒಂದು ಪಾಯಿಂಟ್ (0.001) ಇಳಿಯಲಿಲ್ಲ.

ಯೀಸ್ಟ್ ಕಾವಲು
ಕರಿಮಾಲ್ಟ್ ಅವರೇ, ತಪ್ಪು 12ರದ್ದಲ್ಲ, ನಿಮ್ಮದು. ಮ್ಯಾಶ್ ಎಷ್ಟು ಡಿಗ್ರಿ, ಪೂರ್ತಿ ಹುದುಗದ ಸಿಹಿ ಕೊಡೋ ಕ್ರಿಸ್ಟಲ್ ಮಾಲ್ಟ್ ಎಷ್ಟು, ಯೀಸ್ಟ್ ಎಷ್ಟು ಪ್ಯಾಕೆಟ್, ಆಕ್ಸಿಜನ್ ಹೇಗೆ ಕೊಟ್ಟಿರಿ, ಒಂದನ್ನೂ ಬರೆದಿಲ್ಲ.

1.115 ಅಂದರೆ 27 ಪ್ಲೇಟೋ (ನೂರು ಗ್ರಾಂ ದ್ರವದಲ್ಲಿ 27 ಗ್ರಾಂ ಸಕ್ಕರೆ). ಸ್ಟ್ರಾಂಗ್ ಏಲ್‌ಗೆ ಒಂದು ಮಿಲಿಲೀಟರ್‌ಗೆ, ಒಂದು ಪ್ಲೇಟೋಗೆ 10 ಲಕ್ಷ ಜೀವಕೋಶ ಬೇಕು. 20 ಲೀಟರ್‌ಗೆ 54,000 ಕೋಟಿ. 11.5 ಗ್ರಾಂ ಡ್ರೈ ಯೀಸ್ಟ್ ಪ್ಯಾಕೆಟ್‌ನಲ್ಲಿ ಗ್ರಾಂಗೆ 1,000 ಕೋಟಿ ಹಿಡಿದರೂ ಹತ್ತಿರಹತ್ತಿರ ಐದು ಪ್ಯಾಕೆಟ್. ಎರಡು ಹಾಕಿ ಕಾಯ್ತಾ ಕೂತರೆ ನಿಲ್ಲದೆ ಇನ್ನೇನು ಮಾಡುತ್ತೆ? ಎಲ್ಲಕ್ಕಿಂತ ಒಳ್ಳೆ ದಾರಿ: ಮೊದಲು 1.045ರ ಸಾದಾ ಪೋರ್ಟರ್ ಮಾಡಿ, ಅದು ಬಾಟಲಿಗೆ ಹೋದ ದಿನವೇ ತಳದ ಗಷ್ಟಿನ ಮೇಲೆ ದೊಡ್ಡ ವರ್ಟ್ (ಇನ್ನೂ ಹುದುಗದ ಸಿಹಿ ರಸ) ಸುರಿಯಿರಿ.

ಪಾತ್ರೆ ಅಲ್ಲಾಡಿಸಿ ಗಾಳಿ ತುಂಬಿದರೆ 8 ಪಿಪಿಎಂ ದಾಟಲ್ಲ. ಶುದ್ಧ ಆಕ್ಸಿಜನ್ ನಿಮಿಷಕ್ಕೆ 1 ಲೀಟರ್‌ನಂತೆ 90 ಸೆಕೆಂಡ್, 12 ಗಂಟೆ ಬಿಟ್ಟು ಇನ್ನೊಂದು ಸಲ. ಮೊದಲ ಮೂರು ದಿನ 18 ಡಿಗ್ರಿ ದಾಟಬಾರದು. ಗಂಟಲು ಸುಡೋ ಫ್ಯೂಸಲ್ ಆಲ್ಕೋಹಾಲ್ ಹುಟ್ಟೋದೇ ಆಗ. ಆಮೇಲೆ ದಿನಕ್ಕೊಂದು ಡಿಗ್ರಿಯಂತೆ 22ಕ್ಕೆ ಏರಿಸಿ. ಫರ್ಮೆಂಟರ್‌ನಲ್ಲಿ ಕಾಲು ಭಾಗ ಖಾಲಿ ಇರಲಿ, ನೊರೆ ಹೊರಗೆ ಹೋಗೋಕೆ ದಪ್ಪ ಬ್ಲೋ-ಆಫ್ ಪೈಪ್ ಹಾಕಿ. ಸಣ್ಣ ಏರ್‌ಲಾಕ್ ಇಟ್ಟರೆ ನೊರೆ ಕಟ್ಟಿ ಮುಚ್ಚಳವೇ ಹಾರುತ್ತೆ.

ಕರಿಮಾಲ್ಟ್
ಮ್ಯಾಶ್ 69 ಡಿಗ್ರಿ, ಕ್ರಿಸ್ಟಲ್ 10%, ಪ್ಯಾಕೆಟ್ ಎರಡು. ಒಪ್ಪಿದೆ. ಆದರೆ ಯೀಸ್ಟ್ ಹಾಕಿ 12 ಗಂಟೆ ಆದಮೇಲೆ ಮತ್ತೆ ಆಕ್ಸಿಜನ್ ಕೊಡಿ ಅನ್ನೋದು ಅಪಾಯದ ಮಾತು. ಬಿಯರ್ ಆಕ್ಸಿಡೈಜ್ ಆದರೆ ಹಸಿ ರಟ್ಟಿನ ರುಚಿ.

ಯೀಸ್ಟ್ ಕಾವಲು
ಆಗ ಆಲ್ಕೋಹಾಲ್ ಇನ್ನೂ ಆಗಿರೋದೇ ಇಲ್ಲ ಅನ್ನಬಹುದು. ಯೀಸ್ಟ್ ತನ್ನ ಪೊರೆ ಕಟ್ಟಿಕೊಳ್ಳೋ ಸ್ಟೆರಾಲ್‌ಗಾಗಿ ಆ ಆಕ್ಸಿಜನ್ ಎಳೆದುಕೊಂಡುಬಿಡುತ್ತೆ. 18 ಗಂಟೆ ದಾಟಿದ ಮೇಲೆ ಕೊಟ್ಟರೆ ನೀವು ಹೇಳಿದ್ದು ನಿಜ. ಅರ್ಧ ಓದಿ ಹೆದರಿಸಬೇಡಿ.

ಇಸಿ-1118 ಕೆಲಸ ಮಾಡದ್ದಕ್ಕೂ ಕಾರಣ ಇದೆ. ಅದು ಮಾಲ್ಟ್‌ನ ಮಾಲ್ಟೋಟ್ರಯೋಸ್ ಅನ್ನೋ ಸಕ್ಕರೆ ತಿನ್ನಲ್ಲ. ನಿಂತ ವರ್ಟ್‌ನಲ್ಲಿ ಉಳಿದಿರೋದು ಹೆಚ್ಚಾಗಿ ಅದೇ ಮತ್ತು ಯೀಸ್ಟ್‌ಗೆ ತಿನ್ನಲಾಗದ ಡೆಕ್ಸ್‌ಟ್ರಿನ್. ಹಾಕಬೇಕಾಗಿದ್ದು, ಬೇರೆ ಕಡೆ ಆಗಲೇ ಜೋರಾಗಿ ಕುದಿಯುತ್ತಿರುವ ಏಲ್ ಯೀಸ್ಟ್‌ನ ಸ್ಟಾರ್ಟರ್.

ರೊಶ್‌ಫೋರ್ 10
ನೀವಿಬ್ಬರೂ ಮಾಲ್ಟ್ ಒಂದರಿಂದಲೇ ಮೇಲೆ ಹತ್ತೋಕೆ ಹೋಗ್ತೀರಿ, ಅದಕ್ಕೇ ಈ ಕಷ್ಟ. ಬೆಲ್ಜಿಯಂ ಕಡೆ ನೋಡಿ. ಅಲ್ಲಿನ ರೊಶ್‌ಫೋರ್ ಬಿಯರ್‌ಗಳ 6, 8, 10 ಅನ್ನೋದು ಆಲ್ಕೋಹಾಲ್ ಅಂಕಿ ಅಲ್ಲ, ಅವು 7.5, 9.2, 11.3%. ವೆಸ್ಟ್‌ವ್ಲೆಟೆರೆನ್ 12 ಇರೋದು 10.2%. ಶಿಮೇ ಬ್ಲೂ 9%. 11.3 ಇದ್ದರೂ ಗಂಟಲಲ್ಲಿ ಭಾರ ಇಲ್ಲ, ಯಾಕಂದ್ರೆ ಒಂದು ಭಾಗ ಸಕ್ಕರೆ. ಸಕ್ಕರೆ ಪೂರ್ತಿ ಹುದುಗಿಬಿಡುತ್ತೆ, ಹಿಂದೆ ಏನೂ ಬಿಡಲ್ಲ. 20 ಲೀಟರ್‌ಗೆ 1 ಕೆಜಿ ಅಂದರೆ 19 ಪಾಯಿಂಟ್. ನನ್ನ ಬ್ಯಾಚ್‌ನಲ್ಲಿ ಮ್ಯಾಶ್ 64 ಡಿಗ್ರಿ, ಕಪ್ಪು ಕ್ಯಾಂಡಿ ಪಾಕ 1.2 ಕೆಜಿ, 1.092ರಿಂದ 1.014ಕ್ಕೆ ಇಳಿದು 10.2%. ಸಕ್ಕರೆಯನ್ನು ಕುದಿಯೋವಾಗ ಹಾಕಬೇಡಿ. ನೊರೆ ಇಳಿಯೋಕೆ ಶುರುವಾದಾಗ, ಮೂರನೇ ದಿನದಿಂದ ಎರಡು ಕಂತಿನಲ್ಲಿ ಹಾಕಿ. ಮೊದಲೇ ಕೊಟ್ಟರೆ ಯೀಸ್ಟ್ ಸುಲಭದ್ದನ್ನು ತಿಂದು ಮಾಲ್ಟೋಸ್ ಬಂದಾಗ ಸೋಮಾರಿ ಆಗುತ್ತೆ.

ಹಾಳಾಗಿದ್ದು ಬಾಟಲಿಯಲ್ಲಿ. 3 ವಾಲ್ಯೂಮ್ ಗ್ಯಾಸ್‌ಗೆ (ಬಿಯರ್‌ನ ಮೂರು ಪಟ್ಟು ಗಾತ್ರದ ಗ್ಯಾಸ್) ಸಕ್ಕರೆ ಹಾಕಿದ್ದೆ, ಹೊಸ ಯೀಸ್ಟ್ ಹಾಕಿರಲಿಲ್ಲ. ನಾಲ್ಕು ತಿಂಗಳಾದರೂ ಗ್ಯಾಸೇ ಇಲ್ಲ. 10% ಆಲ್ಕೋಹಾಲ್‌ನಲ್ಲಿ ತಿಂಗಳುಗಟ್ಟಲೆ ಬಿದ್ದಿರೋ ಯೀಸ್ಟ್ ಮತ್ತೆ ಏಳಲ್ಲ. 20 ಲೀಟರ್‌ಗೆ 2 ಗ್ರಾಂ ತಾಜಾ ಯೀಸ್ಟ್ ಹಾಕಿದ್ದರೆ ಮುಗಿದುಹೋಗ್ತಿತ್ತು.

ಕರಿಮಾಲ್ಟ್
ಅವರು ಕೇಳಿದ್ದು ಇಂಪೀರಿಯಲ್ ಸ್ಟೌಟ್. ಸ್ಟೌಟ್‌ಗೆ 1.014 ಅಂದರೆ ಸುಟ್ಟ ಕಾಳಿನ ಒಗರು ಮಾತ್ರ ನಾಲಿಗೆ ಮೇಲೆ ಕೂರುತ್ತೆ. ರೋಸ್ಟ್‌ನ ಕಹಿ, ಹಾಪ್ಸ್‌ನ ಕಹಿ ಎರಡನ್ನೂ ಹೊರೋಕೆ ಕೆಳಗೆ ಸಿಹಿ ಬೇಕು. ಅದಕ್ಕೇ ಸ್ಟೌಟ್‌ಗೆ ಎಫ್‌ಜಿ (ಹುದುಗಿ ಮುಗಿದ ಮೇಲಿನ ಸಾಂದ್ರತೆ) 1.020ರಿಂದ 1.028. ಬೆಲ್ಜಿಯನ್ ಲೆಕ್ಕ ಇಲ್ಲಿ ತಂದು ಹಾಕಬೇಡಿ.

ಹೈಡ್ರೋಮೀಟರ್
ಜಗಳ ಆಡೋ ಮೊದಲು ನಿಮ್ಮ ಪರ್ಸೆಂಟ್ ಯಾವ ಸೂತ್ರದ್ದು ಹೇಳಿ. 1.100ರಿಂದ 1.025ಕ್ಕೆ ಇಳಿದ ಒಂದೇ ಬಿಯರ್ 131.25ರ ಲೆಕ್ಕದಲ್ಲಿ 9.8%, ಬಾಲಿಂಗ್ ಸಮೀಕರಣದಲ್ಲಿ 10.2%, ಕೆಲವು ಕ್ಯಾಲ್ಕುಲೇಟರ್‌ಗಳ ಇನ್ನೊಂದು ಸೂತ್ರದಲ್ಲಿ 10.9%. ಒಬ್ಬರ 10 ಇನ್ನೊಬ್ಬರ 11. ಪರ್ಸೆಂಟ್ ಬಿಟ್ಟು ಓಜಿ, ಎಫ್‌ಜಿ ಎರಡೂ ಬರೆಯಿರಿ.

ಇನ್ನೊಂದು. ನಿಂತುಹೋಯ್ತು ಅನ್ನೋರಲ್ಲಿ ಎಷ್ಟೋ ಜನ ರಿಫ್ರ್ಯಾಕ್ಟೋಮೀಟರ್ (ಬೆಳಕು ಬಗ್ಗೋದರಿಂದ ಸಕ್ಕರೆ ಅಳೆಯೋದು) ನೋಡಿ ಹೆದರಿದವರು. ಶುರುವಿನಲ್ಲಿ ಸುಮಾರು 24 ಬ್ರಿಕ್ಸ್ (ಅದು ತೋರಿಸೋ ಸಕ್ಕರೆ ಅಂಕಿ) ಇದ್ದದ್ದು 12.5ಕ್ಕೆ ನಿಂತರೆ ನೇರ ಪಟ್ಟಿ 1.050 ಅನ್ನುತ್ತೆ. ಆಲ್ಕೋಹಾಲ್ ಬೆಳಕನ್ನು ಬಗ್ಗಿಸೋದನ್ನ ತಿದ್ದಿದರೆ ಅದೇ ಬಿಯರ್ 1.025ರ ಆಸುಪಾಸು, ಅಂದರೆ ಮುಗಿದಿದೆ. ಎಫ್‌ಜಿಯನ್ನು ಗ್ಯಾಸ್ ಬಿಡಿಸಿದ ಸ್ಯಾಂಪಲ್‌ನಲ್ಲಿ, 20 ಡಿಗ್ರಿಯಲ್ಲಿ, ತೇಲಿ ಸಾಂದ್ರತೆ ತೋರಿಸೋ ಕಡ್ಡಿ ಹೈಡ್ರೋಮೀಟರ್‌ನಿಂದಲೇ ನೋಡಿ. ಗುಳ್ಳೆ ಅಂಟಿಕೊಂಡರೆ ಕಡ್ಡಿ ಮೇಲೆದ್ದು ಮೂರ್ನಾಲ್ಕು ಪಾಯಿಂಟ್ ಸುಳ್ಳು ಹೇಳುತ್ತೆ. ಬೆರಳಲ್ಲಿ ಒಮ್ಮೆ ತಿರುಗಿಸಿ ಬಿಡಿ.

ಕರಿಮಾಲ್ಟ್
ನಾನು ನೋಡಿದ್ದು ಹೈಡ್ರೋಮೀಟರ್‌ನಲ್ಲೇ.

ತಣ್ಣನೆ ಪೋರ್ಟರ್
ಎಲ್ಲರೂ 10ರ ಮೇಲೆಯೇ ಮಾತಾಡ್ತಿದ್ದೀರಿ. ಫಿನ್ಲೆಂಡಿನ ಸಿನೆಬ್ರಿಚಾಫ್ ಪೋರ್ಟರ್ 7.2%. ಗಿನ್ನೆಸ್ ಫಾರಿನ್ ಎಕ್ಸ್‌ಟ್ರಾ 7.5%. ಸ್ಯಾಮ್ಯುಯೆಲ್ ಸ್ಮಿತ್ ಇಂಪೀರಿಯಲ್ ಸ್ಟೌಟ್ 7%. ಇವು ತೆಳು ಅಂತ ಯಾರಾದರೂ ಅಂದಿದ್ದಾರಾ? ಪೋಲೆಂಡಿನ ಝಿವಿಯೆಟ್ಸ್ ಪೋರ್ಟರ್ 9.5%, ಅದು ಲಾಗರ್ ಯೀಸ್ಟ್‌ನಲ್ಲಿ ತಣ್ಣಗೆ ಆದದ್ದು, ಅದಕ್ಕೇ ನುಣುಪು. ನನ್ನ ಲೆಕ್ಕ 1.082ರಿಂದ 1.018, ಅಂದರೆ 8.4%. ಯೀಸ್ಟ್ ಮಾತ್ರ ಒಂದೂವರೆ ಪಟ್ಟು, 11 ಡಿಗ್ರಿಯಲ್ಲಿ ಮೂರು ವಾರ. 10 ದಾಟಿದ ಮೇಲೆ ಬರೋ ಆಲ್ಕೋಹಾಲ್‌ನ ಬಿಸಿಯು ಕಾಫಿ, ಚಾಕೊಲೆಟ್ ವಾಸನೆಯನ್ನು ಮುಚ್ಚಿಹಾಕುತ್ತೆ.

ಯೀಸ್ಟ್ ಕಾವಲು
ಬಿಸಿ ಬರೋದು ಪರ್ಸೆಂಟ್‌ನಿಂದಲ್ಲ, ಬೆಚ್ಚಗೆ ಹುದುಗಿಸಿದ್ದರಿಂದ ಮತ್ತು ಎಳೆಯದನ್ನು ಕುಡಿಯೋದರಿಂದ. ಆಸ್ಟ್ರಿಯಾದ ಸಾಮಿಕ್ಲೌಸ್ 14%, ಸುಡುತ್ತಾ?

ತಣ್ಣನೆ ಪೋರ್ಟರ್
ಅದನ್ನು ಹತ್ತು ತಿಂಗಳು ತಣ್ಣಗೆ ಇಟ್ಟೇ ಬಾಟಲಿಗೆ ಹಾಕೋದು. ಕೇಳಿದವರ ಹತ್ತಿರ ಇರೋದು ಒಟ್ಟು ಆರು ತಿಂಗಳು. ಪ್ರಶ್ನೆ ಓದಿದ್ದೀರಾ?

ಯೀಸ್ಟ್ ಕಾವಲು
ಓದಿದ್ದೇನೆ. ಆರು ತಿಂಗಳು ಕಡಿಮೆ ಅಂತ ಹೇಳೋದೂ ಉತ್ತರವೇ.

ಹೊಸ ಫರ್ಮೆಂಟರ್
ಎಲ್ಲರಿಗೂ ಧನ್ಯವಾದ. ಆದರೆ 7 ಕೆಜಿ ಪಾತ್ರೆ ಬಗ್ಗೆ ಯಾರೂ ಹೇಳಲಿಲ್ಲ. 13 ಕೆಜಿ ನನ್ನ ಪಾತ್ರೆಗೆ ಹೋಗೋದೇ ಇಲ್ಲ.

ಕರಿಮಾಲ್ಟ್
ಕ್ಷಮಿಸಿ, ಮೊದಲೇ ಹೇಳಬೇಕಿತ್ತು. 7 ಕೆಜಿಗೆ ಎಫಿಶಿಯೆನ್ಸಿ 65% ಹಿಡಿಯಿರಿ. 20 ಲೀಟರ್‌ಗೆ 1.069 ಬರುತ್ತೆ. ಎರಡು ದಾರಿ. ಒಂದು, ಕುದಿಯೋ ಕೊನೇ ಹತ್ತು ನಿಮಿಷದಲ್ಲಿ 1 ಕೆಜಿ ಡ್ರೈ ಮಾಲ್ಟ್ ಎಕ್ಸ್‌ಟ್ರಾಕ್ಟ್: 1.088. ಒಲೆ ಆರಿಸಿ ಸುರಿಯಿರಿ, ಇಲ್ಲದಿದ್ದರೆ ತಳ ಹಿಡಿಯುತ್ತೆ. ಎರಡು, ಎಕ್ಸ್‌ಟ್ರಾಕ್ಟ್ ಇಲ್ಲದೆ 15 ಲೀಟರ್‌ಗೆ ಇಳಿಸಿ ಕುದಿಸಿ: 1.092. ಮೊದಲನೆಯದೇ ನಿಮಗೆ ಸರಿ.

7 ಕೆಜಿಯಲ್ಲಿ ರೋಸ್ಟೆಡ್ ಬಾರ್ಲಿ 450 ಗ್ರಾಂ, ಚಾಕೊಲೆಟ್ ಮಾಲ್ಟ್ 250 ಗ್ರಾಂ, ಅದಕ್ಕಿಂತ ಹೆಚ್ಚು ಬೇಡ. ಇವನ್ನು ಮ್ಯಾಶ್‌ನ ಕೊನೇ 20 ನಿಮಿಷಕ್ಕೆ ಹಾಕಿ, ಮ್ಯಾಶ್ ಹೆಚ್ಚು ಹುಳಿಯಾಗಲ್ಲ, ಒಗರೂ ಕಡಿಮೆ. ಮ್ಯಾಶ್ 66 ಡಿಗ್ರಿ. ಕಹಿ 55ರಿಂದ 60 ಐಬಿಯು. ಗಟ್ಟಿ ವರ್ಟ್‌ನಲ್ಲಿ ಹಾಪ್ಸ್ ಸರಿಯಾಗಿ ಬಿಡಲ್ಲ. ಟಿನ್‌ಸೆತ್ ಸೂತ್ರದಲ್ಲಿ 1.050ರಲ್ಲಿ ಸಿಗೋ ಕಹಿಯ ಮೂರನೇ ಎರಡು ಭಾಗಕ್ಕೂ ಕಡಿಮೆ 1.100ರಲ್ಲಿ ಸಿಗೋದು. ಎಕ್ಸ್‌ಟ್ರಾಕ್ಟ್ ಕೊನೆಗೆ ಹಾಕಿ ಅಂದಿದ್ದು ಇದಕ್ಕೂ ಸೇರಿಯೇ.

ಯೀಸ್ಟ್ ನಾಲ್ಕು ಪ್ಯಾಕೆಟ್. ಈ ವಿಷಯದಲ್ಲಿ ಯೀಸ್ಟ್ ಕಾವಲು ಅವರ ಮಾತು ಕೇಳಿ, ನನ್ನದಲ್ಲ. 1.020ಕ್ಕೆ ಇಳಿದರೆ 8.9%. ಮೂರು ವಾರ ಫರ್ಮೆಂಟರ್, ಆರು ವಾರ ತಂಪಿನಲ್ಲಿ ತುಂಬಿದ ಪಾತ್ರೆ, ಉಳಿದದ್ದು ಬಾಟಲಿ. 2 ವಾಲ್ಯೂಮ್‌ಗೆ 90 ಗ್ರಾಂ ಸಕ್ಕರೆ, 2 ಗ್ರಾಂ ಹೊಸ ಯೀಸ್ಟ್. ಸೈಫನ್ ಪೈಪ್‌ನ ತುದಿ ಬಾಟಲಿಯ ತಳ ಮುಟ್ಟಿರಲಿ, ಮೇಲಿಂದ ಸುರಿಯಬೇಡಿ.

ರೊಶ್‌ಫೋರ್ 10
ಅದರಲ್ಲಿ 300 ಗ್ರಾಂ ಸಕ್ಕರೆ ಸೇರಿಸಿದರೆ 6 ಪಾಯಿಂಟ್ ಏರಿ 9.7 ಮುಟ್ಟುತ್ತೆ, ಭಾರವೂ ಆಗಲ್ಲ.

ಕರಿಮಾಲ್ಟ್
ಮುಟ್ಟುತ್ತೆ. ಆರು ತಿಂಗಳಿಗೆ ಬೇಡ.