ಪದ ಬೇಕು: ಮೆಟಾಸ್ಟಾಸಿಸ್, ಮಾರ್ಕರ್ (ಶುಕ್ರವಾರದೊಳಗೆ)

ಮಡಿಕೇರಿಯಿಂದ:
ಕರಪತ್ರ ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು. ಸ್ತನ ಕ್ಯಾನ್ಸರ್ ಬೇರೆ ಅಂಗಕ್ಕೆ ಹೋಗಿದೆಯಾ ಎಂದು ರಕ್ತದಲ್ಲೇ ಸುಳಿವು ಹುಡುಕುವ ಪರೀಕ್ಷೆಯ ಬಗ್ಗೆ. ನನಗೆ ಬಂದ ಕರಡಿನಲ್ಲಿ ‘ಸ್ಥಾನಾಂತರಣದ ವಂಶವಾಹಿ ಸೂಚಕಗಳು’ ಅಂತಿದೆ. ಮೆಟಾಸ್ಟಾಸಿಸ್, ಅಂದರೆ ಕ್ಯಾನ್ಸರ್ ಹೀಗೆ ಬೇರೆ ಅಂಗಕ್ಕೆ ಹೋಗುವುದು, ಸ್ಥಾನಾಂತರಣ ಆಗಿದೆ; ಮಾರ್ಕರ್ ಸೂಚಕ ಆಗಿದೆ. ಕಾಫಿ ತೋಟದ ಲೈನ್ ಮನೆಯ ಹೆಂಗಸೊಬ್ಬರಿಗೆ ಓದಿ ಹೇಳಿದೆ. ‘ಟ್ರಾನ್ಸ್‌ಫರ್ ಆದದ್ದು ಯಾರಿಗೆ?’ ಎಂದು ಕೇಳಿದರು. ಏನು ಮಾಡಲಿ?

ಸೋಮವಾರಪೇಟೆಯಿಂದ:
ಸ್ಥಾನಾಂತರಣ ಗ್ರೀಕ್ ಪದದ ಮಕ್ಕಿಕಾಮಕ್ಕಿ. ತೆಗೆದುಹಾಕಿ. ‘ಹಬ್ಬು’ ಇದೆ ಅಲ್ವಾ? ಸೂಚಕ ಬೇಡ, ‘ಕುರುಹು’ ಬರೆಯಿರಿ. ಮೊದಲು ಕುಱುಪು, ಪಕಾರ ಹಕಾರವಾಗಿ ಕುಱುಹು, ಱ ಹೋಗಿ ರ ಬಂದು ಕುರುಹು. ತಮಿಳಿನ ಕುಱಿ ಇದರ ಬಂಧು. ರಕ್ತವೂ ಬೇಡ, ನೆತ್ತರು ಅನ್ನಿ.

ವಿರಾಜಪೇಟೆಯಿಂದ:
ಮೇಷ್ಟ್ರೇ, ‘ನೆತ್ತರು ಪರೀಕ್ಷೆ’ ಎಂದು ಬೋರ್ಡ್ ಹಾಕಿದರೆ ಜನ ಗೇಟಿನಿಂದಲೇ ವಾಪಸ್. ಕುರುಹು ಒಪ್ಪಿದೆ. ಹಬ್ಬು ಒಪ್ಪಲ್ಲ. ಮೆಣಸಿನ ಬಳ್ಳಿ ಮರಕ್ಕೆ ಹಬ್ಬುತ್ತದೆ, ಬುಡ ಕಡಿದರೆ ಮೇಲಿನದು ಒಣಗುತ್ತದೆ. ಈ ಕಾಯಿಲೆ ಹಾಗಲ್ಲ. ಗಡ್ಡೆಯಿಂದ ಕಳಚಿದ ಜೀವಕೋಶ ರಕ್ತದಲ್ಲಿ ಹೋಗಿ ಮೂಳೆಯಲ್ಲೋ ಲಿವರಿನಲ್ಲೋ ಶ್ವಾಸಕೋಶದಲ್ಲೋ ತಾನೇ ಬೇರು ಬಿಡುತ್ತದೆ. ಎದೆಯ ಗಡ್ಡೆ ತೆಗೆದರೂ ಅದು ಬೆಳೆಯಬಹುದು. ಕಾಫಿಯ ತುಕ್ಕುರೋಗ ನೋಡಿ. ಎಲೆಯಡಿಯ ಕಿತ್ತಳೆ ಪುಡಿ ಗಾಳಿಗೆ ಹಾರಿ ಇನ್ನೊಂದು ಗಿಡದ ಎಲೆಯಲ್ಲಿ ಕೂರುತ್ತದೆ. ಅದಕ್ಕೆ ತೋಟದಲ್ಲಿ ‘ಹರಡಿದೆ’ ಅನ್ನುತ್ತೇವೆ, ಹಬ್ಬಿದೆ ಅನ್ನಲ್ಲ.

ನಿಜವಾದ ತಪ್ಪನ್ನು ಯಾರೂ ಮುಟ್ಟಿಲ್ಲ. ‘ವಂಶವಾಹಿ’! ಈ ಪರೀಕ್ಷೆ ಹುಡುಕುವುದು ಗಡ್ಡೆಯ ಜೀವಕೋಶ ಸತ್ತಾಗ ರಕ್ತಕ್ಕೆ ಬೀಳುವ ಡಿಎನ್‌ಎ ಚೂರುಗಳನ್ನು. ಪಿಐಕೆ3ಸಿಎ, ಇಎಸ್‌ಆರ್1 ಜೀನ್‌ಗಳಲ್ಲಿ ಆದ ಬದಲಾವಣೆ ಆ ಚೂರುಗಳಲ್ಲಿ ಕಾಣುತ್ತದೆ. ಅದು ಗಡ್ಡೆಯೊಳಗೆ ಆದದ್ದು. ಇಎಸ್‌ಆರ್1ನದಂತೂ ಹೆಚ್ಚಾಗಿ ಹಾರ್ಮೋನ್ ಮಾತ್ರೆ ನುಂಗುತ್ತಿರುವಾಗ ತಲೆ ಎತ್ತುವಂಥದ್ದು. ಮಗಳಿಗೆ ಹೋಗಲ್ಲ. ವಂಶದಲ್ಲಿ ಇಳಿದು ಬರಬಹುದಾದ ಬಿಆರ್‌ಸಿಎ ಜೀನಿನ ದೋಷಕ್ಕೆ ಬೇರೆ ಪರೀಕ್ಷೆ ಇದೆ. ನಮ್ಮ ಅತ್ತೆ ಇಂಥದೇ ಒಂದು ರಿಪೋರ್ಟಿನಲ್ಲಿ ‘ವಂಶವಾಹಿ’ ಓದಿ ಮಗಳ ಮದುವೆ ಮಾತನ್ನೇ ನಿಲ್ಲಿಸಿದ್ದರು. ಸುಮ್ನೆ ‘ಜೀನ್’ ಅನ್ನಿ.

ಸೋಮವಾರಪೇಟೆಯಿಂದ:
ಜೀನ್ ಯಾವ ಸೀಮೆ ಕನ್ನಡ? ಹೀಗೇ ಬಿಟ್ಟರೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ವಿರಾಜಪೇಟೆಯಿಂದ:
ಕಾಫಿ ಯಾವ ಸೀಮೆ ಕನ್ನಡ ಮೇಷ್ಟ್ರೇ? ಬೆಳಿಗ್ಗೆ ಕುಡಿದೇ ಬರೆದಿದ್ದೀರಿ.

ಸೋಮವಾರಪೇಟೆಯಿಂದ:
ಅದು ಬೆಳೆ. ಬೆಳೆಗೆ ಹೆಸರು ಜೊತೆಗೇ ಬರುತ್ತದೆ. ಜೀನನ್ನು ಯಾರೂ ಗೋಣಿಚೀಲದಲ್ಲಿ ತಂದಿಲ್ಲ.

ಮಡಿಕೇರಿಯಿಂದ:
ಇಬ್ಬರಿಗೂ ನಮಸ್ಕಾರ. ಹೀಗೆ ಕಳಿಸಿದೆ: ‘ಸ್ತನ ಕ್ಯಾನ್ಸರ್ ಬೇರೆ ಕಡೆ ಹರಡಿದೆಯೇ? ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಕುರುಹು ಹುಡುಕುವ ಪರೀಕ್ಷೆ. ಕುರುಹು ಸಿಗದಿದ್ದರೆ ಹರಡಿಲ್ಲ ಎಂದು ಅರ್ಥವಲ್ಲ, ಸ್ಕ್ಯಾನ್ ಬಿಡಬೇಡಿ.’ ವಂಶವಾಹಿಯೂ ಇಲ್ಲ, ಜೀನೂ ಇಲ್ಲ. ಪ್ರೂಫ್ ಈಗ ಬಂತು. ಪ್ರೆಸ್ಸಿನವರು ಎರಡು ಕಡೆಯೂ ‘ಕುರುಡು’ ಎಂದು ಕೂಡಿಸಿದ್ದಾರೆ.