ಟಿಶ್ಯೂ ಕಲ್ಚರ್: ಟೊಮ್ಯಾಟೊ ಬೀಜದಳದಿಂದ ಬರೀ ಕ್ಯಾಲಸ್ (ಆಕಾರವಿಲ್ಲದ ಕೋಶಗಳ ಮುದ್ದೆ) ಬರ್ತಿದೆ, ಚಿಗುರೇ ಇಲ್ಲ

ಗಾಜಿನ_ಬಾಟ್ಲಿ (ಹೆಬ್ಬಾಳ):
ತಳಿ ಅರ್ಕಾ ವಿಕಾಸ್, ಬೀಜ ಹೆಸರಘಟ್ಟದ್ದು. 15 ದಿನದ ಸಸಿಯ ಬೀಜದಳ ಕತ್ತರಿಸಿ ಇಟ್ಟಿದ್ದೇನೆ. ಎಂಎಸ್ ಮಾಧ್ಯಮ (ಗಿಡದ ಅಂಗಾಂಶ ಬೆಳೆಸೋ ಪೋಷಕ ಮಿಶ್ರಣ), ಲೀಟರಿಗೆ ಸುಕ್ರೋಸ್ 30 ಗ್ರಾಂ, ಅಗರ್ 8 ಗ್ರಾಂ, ಬಿಎಪಿ (ಚಿಗುರು ತರಿಸೋ ಹಾರ್ಮೋನ್) 2 ಮಿ.ಗ್ರಾಂ, ಎನ್‌ಎಎ 0.5 ಮಿ.ಗ್ರಾಂ (ಇದು ಆಕ್ಸಿನ್, ಬೇರು ತರಿಸೋ ಹಾರ್ಮೋನ್), ಪಿಎಚ್ 5.8. 25 ಡಿಗ್ರಿ, ದಿನಕ್ಕೆ 16 ಗಂಟೆ ಬೆಳಕು. ತಟ್ಟೆಗೆ ಪ್ಯಾರಾಫಿಲ್ಮ್ (ಬಿಗಿಯಾಗಿ ಮುಚ್ಚೋ ಮೇಣದ ಪಟ್ಟಿ) ಸುತ್ತಿದೆ. ನಾಲ್ಕು ವಾರಕ್ಕೆ ಕತ್ತರಿಸಿದ ಅಂಚಲ್ಲಿ ದಪ್ಪ ಹಸಿರು ಕ್ಯಾಲಸ್, ಕೆಲವಕ್ಕೆ ಬೇರು, ಅಲ್ಲೊಂದು ಇಲ್ಲೊಂದು ಎಲೆ. ತಪ್ಪು ಎಲ್ಲಿ?

ಲ್ಯಾಮಿನಾರ್_ಗಾಳಿ:
ಬೇರು ಬರ್ತಿದೆ ಅಂದ್ರೆ ಆಕ್ಸಿನ್ ಜಾಸ್ತಿ. ಎನ್‌ಎಎ ತೆಗೆದುಬಿಡಿ. ಬಿಎಪಿ ಬದಲು ಟ್ರಾನ್ಸ್-ಝಿಯಾಟಿನ್ (ಇದೂ ಚಿಗುರು ತರಿಸೋ ಹಾರ್ಮೋನೇ) ಲೀಟರಿಗೆ 2 ಮಿ.ಗ್ರಾಂ, ಬೇಕಿದ್ರೆ ಜೊತೆಗೆ ಐಎಎ (ಇನ್ನೊಂದು ಆಕ್ಸಿನ್) 0.1. ಎರಡು-ಮೂರು ವಾರ ಆದಮೇಲೆ ಝಿಯಾಟಿನ್ 1ಕ್ಕೆ ಇಳಿಸಿ. ದುಬಾರಿ ನಿಜ, ಆದರೆ ಟೊಮ್ಯಾಟೊ ವಿಷಯದಲ್ಲಿ ಇಲ್ಲಿ ಕಾಸು ಉಳಿಸೋಕೆ ಹೋಗಬೇಡಿ.

ಝಿಯಾಟಿನ್ ಅನ್ನ ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲೋ ಯಂತ್ರ) ಹಾಕಬೇಡಿ. ಪುಡಿಯನ್ನ 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನ ಕೆಲವೇ ಹನಿಯಲ್ಲಿ ಕರಗಿಸಿ, ನೀರು ಸೇರಿಸಿ ಮಿ.ಲೀ.ಗೆ 1 ಮಿ.ಗ್ರಾಂ ಸ್ಟಾಕ್ ಮಾಡಿ, 0.22 ಮೈಕ್ರಾನ್ ಸಿರಿಂಜ್ ಫಿಲ್ಟರಲ್ಲಿ ಸೋಸಿ. ಮಾಧ್ಯಮದ ಬಾಟಲಿ ಕೈಯಲ್ಲಿ ಹಿಡಿಯೋಷ್ಟು ಆರಿದ ಮೇಲೆ 250 ಮಿ.ಲೀ.ಗೆ ಅರ್ಧ ಮಿ.ಲೀ. ಹಾಕಿ ಅಲ್ಲಾಡಿಸಿ. ಮಿಕ್ಕಿದ್ದು ಸಣ್ಣ ಟ್ಯೂಬ್‌ಗಳಲ್ಲಿ ಮೈನಸ್ 20ರಲ್ಲಿ.

15 ದಿನ ಬಲಿತುಬಿಟ್ಟಿರತ್ತೆ. 8-10 ದಿನಕ್ಕೆ, ಬೀಜದಳ ಪೂರ್ತಿ ಬಿಚ್ಚಿ ಮೊದಲ ನಿಜ ಎಲೆ ಇನ್ನೂ ಕಾಣದಾಗ ತೆಗೀರಿ. ತುದಿ, ಬುಡ ಎರಡೂ ಕತ್ತರಿಸಿ ನಡುವಿನ ತುಂಡು ಮಾತ್ರ, ಹೊಸ ಬ್ಲೇಡಲ್ಲಿ, ಒದ್ದೆ ಫಿಲ್ಟರ್ ಪೇಪರ್ ಮೇಲೆ. ಬೋರಲು ಹಾಕಿ, ಬೀಜದಳದ ಮೇಲ್ಭಾಗ ಅಗರ್‌ಗೆ ತಾಗಲಿ.

ಪ್ಯಾರಾಫಿಲ್ಮ್ ಬದಲು ಗಾಳಿ ಆಡೋ ಮೈಕ್ರೋಪೋರ್ ಟೇಪ್. ಗಿಡ ಬಿಡೋ ಎಥಿಲೀನ್ ಅನಿಲ ಒಳಗೇ ನಿಂತರೆ ಚಿಗುರು ಕುಂಠಿತ ಆಗತ್ತೆ. ಕರೆಂಟ್ ಹೋಗಿ ಎಸಿ ನಿಂತಾಗಂತೂ ಮುಚ್ಚಳದಲ್ಲಿ ನೀರು ಹನಿಗಟ್ಟಿ ಎಲೆ ಗಾಜಿನ ಥರ ಆಗ್ತವೆ.

ಇಪ್ಪತ್ನಾಲ್ಕು_ಕ್ರೋಮೋಸೋಮ್:
ಆ ಒಂಟಿ ಎಲೆಗಳನ್ನ ಚಿಗುರು ಅಂತ ಎಣಿಸಬೇಡಿ. ಸ್ಟೀರಿಯೋ ಮೈಕ್ರೋಸ್ಕೋಪಲ್ಲಿ ಬುಡ ನೋಡಿ: ಬೆಳೆಯುವ ತುದಿ ಇಲ್ಲದಿದ್ರೆ ಅದು ಎಷ್ಟು ತಿಂಗಳಿಟ್ಟರೂ ಎಲೆಯೇ.

ಚಿಗುರು 2 ಸೆಂ.ಮೀ. ಆದಾಗ ಕ್ಯಾಲಸ್ ಒಂದು ಚೂರೂ ಉಳಿಯದ ಹಾಗೆ ಕತ್ತರಿಸಿ ಬೇರಿನ ಮಾಧ್ಯಮಕ್ಕೆ ಹಾಕಿ. ಹಾರ್ಮೋನ್ ಇಲ್ಲದೆಯೂ ಟೊಮ್ಯಾಟೊ ಬೇರು ಬಿಡತ್ತೆ. ಕ್ಯಾಲಸ್ ಉಳಿದ್ರೆ ಬೇರು ಅದರಿಂದ ಹುಟ್ಟಿ ಕಾಂಡದ ನಾಳಕ್ಕೆ ಸರಿಯಾಗಿ ಕೂಡಲ್ಲ. ಬಾಟಲಿಯಲ್ಲಿ ಚೆನ್ನಾಗಿ ಕಾಣೋ ಗಿಡ ಕೊಕೊಪೀಟ್‌ಗೆ ಬಂದ ಮೇಲೆ ಬಾಡಿ ಬೀಳತ್ತೆ.

ಇನ್ನೊಂದು, ಬೀಜದಳದ ಜೀವಕೋಶಗಳಲ್ಲಿ ಡಿಎನ್‌ಎ ಇಮ್ಮಡಿಯಾಗಿರೋದು ಸಾಮಾನ್ಯ, ಹಾಗಾಗಿ ಕೆಲವು ಗಿಡ 24ರ ಬದಲು 48 ಕ್ರೋಮೋಸೋಮ್ ಹೊತ್ತು ಬರ್ತವೆ. ಎಲೆ ದಪ್ಪ, ಪರಾಗ ದೊಡ್ಡದು, ಬೀಜ ಕಡಿಮೆ. ಫ್ಲೋ ಸೈಟೊಮೀಟರ್ (ಕೋಶದ ಡಿಎನ್‌ಎ ಪ್ರಮಾಣ ಅಳೆಯೋ ಯಂತ್ರ) ಸಿಗದಿದ್ರೆ ಬೇರಿನ ತುದಿಯನ್ನ ಗಾಜಿನ ಸ್ಲೈಡ್ ಮೇಲೆ ಒತ್ತಿ (ಸ್ಕ್ವಾಶ್) ಕ್ರೋಮೋಸೋಮ್ ಎಣಿಸಿ.

ಗಾಜಿನ_ಬಾಟ್ಲಿ (ಹೆಬ್ಬಾಳ):
ಮುಂದೆ ಜೀನ್ ಹಾಕೋದಿದೆ. ಅರ್ಕಾ ರಕ್ಷಕ್ ತಳಿ ತಗೊಳ್ಳಬಹುದಾ? ಜೀನ್ ಸೇರದ ತುಂಡು ಚಿಗುರದಂತೆ ತಡೆಯೋ ಆಂಟಿಬಯೋಟಿಕ್ ಕ್ಯಾನಮೈಸಿನ್ ಎಷ್ಟು?

ಲ್ಯಾಮಿನಾರ್_ಗಾಳಿ:
ರಕ್ಷಕ್ ಎಫ್1 ಹೈಬ್ರಿಡ್ (ಬೇರೆ ಬೇರೆ ತಳಿ ಕೂಡಿಸಿದ ಮೊದಲ ಪೀಳಿಗೆ). ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ಹೋಗ್ತವೆ, ವ್ಯತ್ಯಾಸ ಜೀನ್‌ದಾ ತಳಿಯದಾ ಗೊತ್ತಾಗಲ್ಲ. ವಿಕಾಸ್‌ನಲ್ಲೇ ಇರಿ. ಕ್ಯಾನಮೈಸಿನ್‌ಗೆ ಅಗ್ರೋಬ್ಯಾಕ್ಟೀರಿಯಂ (ಜೀನ್ ಒಳಗೆ ಸಾಗಿಸೋ ಬ್ಯಾಕ್ಟೀರಿಯಾ) ಸೋಕದ ತುಂಡುಗಳನ್ನ ಮೊದಲು ಲೀಟರಿಗೆ 0, 25, 50, 75, 100 ಮಿ.ಗ್ರಾಂನಲ್ಲಿ ಇಟ್ಟು ನೋಡಿ. ಒಂದೂ ಚಿಗುರದ ಅತಿ ಕಡಿಮೆ ಪ್ರಮಾಣ ನಿಮ್ಮದು.